ದುರಸ್ತಿಗೆ ಇಂಗ್ಲೆಂಡಿಗೆ ಹೋಗಿ ಬಂದ ಆಂಪ್ಲಿಫೈಯರ್ ದೇವನಹಳ್ಳಿಯಲ್ಲಿ ನಿಂತಿದೆ, ಏನು ಮಾಡಲಿ?

ಬಸವನಗುಡಿ ವಾಲ್ವ್ | ನವೆಂಬರ್ 8, ರಾತ್ರಿ 9:40

ತಂದೆಯವರು ಯಾರಿಂದಲೋ ಹಳೆಯದಾಗಿಯೇ ಕೊಂಡಿದ್ದ ಕ್ವಾಡ್ 2 ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಬಳಸುವ ಹಳೆಯ ಬಗೆ) ಜೋಡಿ ನಮ್ಮ ಮನೆಯಲ್ಲಿದೆ. 1953ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಒಂದೊಂದೂ 8 ಕೆಜಿಗಿಂತ ಹೆಚ್ಚು ತೂಕ, ಸಿಗುವ ಶಕ್ತಿ ಮಾತ್ರ 15 ವಾಟ್. ಕಳೆದ ಬೇಸಿಗೆಯಲ್ಲಿ ಎಡಬದಿಯದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ವಾಲ್ವ್‌ಗಳಿಂದ ಸ್ಪೀಕರಿಗೆ ಸಂಕೇತ ದಾಟಿಸುವ ತಂತಿ ಸುರುಳಿ) ಸುಟ್ಟು, ಮನೆ ತುಂಬ ಡಾಂಬರಿನ ವಾಸನೆ ಹರಡಿತು. ಇಂಗ್ಲೆಂಡಿನಲ್ಲಿ ಇದೇ ಕೆಲಸವನ್ನು ಕಸುಬಾಗಿ ಮಾಡುವ ಒಂದು ಸಣ್ಣ ಕಾರ್ಯಾಗಾರವಿದೆ ಎಂದು ತಿಳಿದು ಜೂನ್‌ನಲ್ಲಿ ಎರಡನ್ನೂ ಕಳುಹಿಸಿದೆ.

ಕೊರಿಯರ್ ಕೌಂಟರಿನಲ್ಲಿದ್ದ ಹುಡುಗ ಅರ್ಜಿ ತುಂಬುತ್ತಾ, "ಸರ್, ಗಿಫ್ಟ್ ಎಂದು ಹಾಕಿದರೆ ಬೇಗ ಹೋಗುತ್ತದೆ, ಹಾಕಲೇ?" ಎಂದು ಕೇಳಿದ. ಹೊರಗೆ ಮಳೆ, ಆಟೋ ಕಾಯುತ್ತಿತ್ತು. ತಲೆಯಾಡಿಸಿದೆ. ಆ ಒಂದು ತಲೆಯಾಡಿಸುವಿಕೆಯ ಬೆಲೆ ಈಗ ಗೊತ್ತಾಗುತ್ತಿದೆ.

ದುರಸ್ತಿಗೆ ನಮ್ಮ ಹಣದಲ್ಲಿ ಸುಮಾರು 48 ಸಾವಿರ ಆಯಿತು. ಹೋಗಿ ಬರುವ ಸಾಗಣೆ 37 ಸಾವಿರ, ವಿಮೆ 5 ಸಾವಿರ. ಅಕ್ಟೋಬರ್ 20ರಂದು ಪೆಟ್ಟಿಗೆ ಬೆಂಗಳೂರು ಮುಟ್ಟಿದೆ ಎಂದು ಸಂದೇಶ ಬಂತು. ಮೂರನೆಯ ದಿನ ಫೋನು: ಸುಂಕವೇ 80 ಸಾವಿರ ದಾಟುತ್ತದೆ, ಕಟ್ಟಿದರೆ ಬಿಡುಗಡೆ, ಇಲ್ಲವಾದರೆ ವಾಪಸು. ಹೊಸದಾಗಿ ಆಮದು ಮಾಡಿಕೊಂಡ ವಸ್ತು ಎಂದು ಲೆಕ್ಕ ಹಾಕಿದ್ದಾರೆ. ಮೌಲ್ಯಕ್ಕೆ ವಿಮೆಯ ಮೊತ್ತವಾದ 2,20,000 ರೂಪಾಯಿಯನ್ನೇ ತೆಗೆದುಕೊಂಡಿದ್ದಾರೆ. ನನ್ನದೇ ವಸ್ತು ನನ್ನ ಮನೆಗೆ ಬರಲು ನಾನೇ ಸುಂಕ ಕೊಡಬೇಕೆ? ಇಂದಿಗೆ 19 ದಿನ. ಗೋದಾಮಿನ ಬಾಡಿಗೆ ಬೇರೆ ಏರುತ್ತಿದೆ. ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎಸ್‌ಪಿ ರಸ್ತೆ ಸೋಲ್ಡರ್ | ನವೆಂಬರ್ 8, ರಾತ್ರಿ 10:15

ಕೋಪ ಮಾಡಿಕೊಳ್ಳಬೇಡಿ ರಾಯರೇ, ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಇಂಗ್ಲೆಂಡಿಗೆ ಹೋಗಬೇಕಿತ್ತೆ? ಎಸ್‌ಪಿ ರಸ್ತೆಯ ಸಂದಿಯಲ್ಲಿ ಇಂದಿಗೂ ತಾಮ್ರದ ತಂತಿ ಸುತ್ತುವವರಿದ್ದಾರೆ. ಐದಾರು ಸಾವಿರದಲ್ಲಿ ಮುಗಿಯುತ್ತಿತ್ತು. ಉಳಿದ ಹಣದಲ್ಲಿ ಒಂದು ಜೊತೆ ಹೊಸ ಸ್ಪೀಕರ್ ಬರುತ್ತಿತ್ತು.

ಬಸವನಗುಡಿ ವಾಲ್ವ್ | ನವೆಂಬರ್ 8, ರಾತ್ರಿ 10:32

ಮೊದಲು ಅಲ್ಲಿಗೇ ಹೋಗಿದ್ದೆ. ಕ್ವಾಡ್ 2ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಆನೋಡಿನ ಸುತ್ತಿನ ಜೊತೆಗೆ ಕ್ಯಾಥೋಡಿಗೂ (ಎರಡೂ ವಾಲ್ವಿನೊಳಗಿನ ವಿದ್ಯುದ್ವಾರಗಳು) ಪ್ರತ್ಯೇಕ ಸುತ್ತು ಇರುತ್ತದೆ. ಆ ಸರ್ಕ್ಯೂಟಿನ ಜೀವ ಇರುವುದೇ ಅಲ್ಲಿ. ಸುತ್ತುಗಳನ್ನು ಪದರ ಪದರವಾಗಿ ಒಂದರೊಳಗೊಂದು ಹೆಣೆಯಬೇಕು. ಅಂಗಡಿಯವರು ನಕ್ಷೆ ನೋಡಿ, "ಇಷ್ಟೆಲ್ಲ ಬೇಡ ಸರ್, ಮಾಮೂಲಿ ಸುತ್ತಿ ಕೊಡುತ್ತೇನೆ" ಎಂದರು. ಮಾಮೂಲಿ ಸುತ್ತಿಸಿಕೊಂಡರೆ ಅದು ಕ್ವಾಡ್ ಆಗಿ ಉಳಿಯುವುದಿಲ್ಲ.

ಕಾರ್ಗೋ ನಿವೃತ್ತ | ನವೆಂಬರ್ 9, ಬೆಳಿಗ್ಗೆ 6:50

26 ವರ್ಷ ಕಸ್ಟಮ್ಸ್ ಬ್ರೋಕರ್ (ಸುಂಕದ ಕಾಗದಪತ್ರ ಮಾಡಿಸಿಕೊಡುವವರ) ಕಚೇರಿಯಲ್ಲಿ ದುಡಿದು ಈಗ ಮನೆಯಲ್ಲಿದ್ದೇನೆ. ಇಂಥ ಪೆಟ್ಟಿಗೆಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿಕೊಳ್ಳಿ.

"ನನ್ನದೇ ವಸ್ತು" ಎಂಬ ವಾದ ಕಾನೂನಿನ ಮುಂದೆ ನಡೆಯುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ದೇಶ ಬಿಟ್ಟು ಹೋದ ವಸ್ತು ಮರಳಿ ಬಂದರೆ ಅದು ಆಮದೇ, ಹೊಸ ವಸ್ತುವಿನಷ್ಟೇ ಸುಂಕ. ವಿನಾಯಿತಿ ಸಿಗುವುದು ಬೇರೆ ಕಡೆಯಿಂದ: 2017ರ ಜೂನ್ 30ರ ಅಧಿಸೂಚನೆ, ಸಂಖ್ಯೆ 45/2017-ಕಸ್ಟಮ್ಸ್. ದುರಸ್ತಿಗೆಂದೇ ಹೊರಗೆ ಹೋದ ವಸ್ತು ಮೂರು ವರ್ಷದೊಳಗೆ ಮರಳಿದರೆ, ದುರಸ್ತಿಯ ನ್ಯಾಯವಾದ ವೆಚ್ಚ, ಅದಕ್ಕೆ ಹಾಕಿದ ಬಿಡಿಭಾಗ, ಹೋಗಿ ಬರುವ ಎರಡೂ ಕಡೆಯ ಸಾಗಣೆ ಮತ್ತು ವಿಮೆ, ಇಷ್ಟರ ಮೇಲೆ ಮಾತ್ರ ಸುಂಕ.

ನಿಮ್ಮ ಅಂಕಿಗಳಿಗೇ ಹಾಕಿ ನೋಡೋಣ. ದರ ಆಗಾಗ ಬದಲಾಗುತ್ತದೆ, ಸುಂಕದ ಪಟ್ಟಿಯಲ್ಲಿ ವಸ್ತುವಿನ ಶೀರ್ಷಿಕೆಗೆ ತಕ್ಕಂತೆ ಅಂದಿನ ದರ ನೋಡಿಕೊಳ್ಳಬೇಕು. ಲೆಕ್ಕಕ್ಕಾಗಿ ಮೂಲ ಸುಂಕ ಶೇ 15 ಎಂದಿಟ್ಟುಕೊಳ್ಳಿ. ಆ ಸುಂಕದ ಹತ್ತನೆಯ ಒಂದು ಭಾಗ ಸಮಾಜ ಕಲ್ಯಾಣ ಮೇಲ್ತೆರಿಗೆ, ಅಂದರೆ 1.5. ಮೌಲ್ಯ 100 ಎಂದಿಟ್ಟುಕೊಂಡು ಈ ಎರಡನ್ನೂ ಸೇರಿಸಿದ 116.5ರ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಅದು 20.97. ಒಟ್ಟು ಶೇ 37.47. ಇದನ್ನು 2,20,000ಕ್ಕೆ ಹಾಕಿದರೆ 82,434 ರೂಪಾಯಿ. 48, 37 ಮತ್ತು 5 ಸಾವಿರ ಕೂಡಿದ 90,000ಕ್ಕೆ ಹಾಕಿದರೆ 33,723. ಹುಡುಗನ "ಗಿಫ್ಟ್" ಎಂಬ ಎರಡಕ್ಷರಕ್ಕೆ 48,711 ರೂಪಾಯಿ ಹೋಯಿತು.

ಏಕೆಂದರೆ ಅಧಿಕಾರಿ ಕೇಳುವುದು ಎರಡೇ ಪ್ರಶ್ನೆ. ಇದು ದುರಸ್ತಿಗೆಂದೇ ಹೋಯಿತೆ? ಹೋದದ್ದೂ ಬಂದದ್ದೂ ಒಂದೇ ವಸ್ತುವೆ? ಎರಡಕ್ಕೂ ಉತ್ತರ ಹೊರಹೋಗುವಾಗಿನ ಕಾಗದದಲ್ಲಿ ಇರಬೇಕು. ಶಿಪ್ಪಿಂಗ್ ಬಿಲ್‌ನಲ್ಲಿ (ರಫ್ತಿನ ಘೋಷಣಾ ಪತ್ರ) "ದುರಸ್ತಿ ಮಾಡಿಸಿ ಮರಳಿ ತರಿಸಿಕೊಳ್ಳಲು" ಎಂದು ನಮೂದಾಗಿರಬೇಕು. ಮಾದರಿ, ಸೀರಿಯಲ್ ನಂಬರ್ ಇರಬೇಕು. ಇನ್‌ವಾಯ್ಸ್‌ನಲ್ಲಿ "ಮಾರಾಟಕ್ಕಲ್ಲ, ಮೌಲ್ಯ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ" ಎಂದಿರಬೇಕು. ಉಡುಗೊರೆ ಎಂದು ಬರೆದರೆ ಒಡೆತನ ಬೇರೆಯವರಿಗೆ ಹೋಯಿತು ಎಂದೇ ಅರ್ಥ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ನಮ್ಮ ಕಚೇರಿಯಲ್ಲಿ ದಿನಬಳಕೆಯ ಮಾತಾಗಿತ್ತು.

ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಯಂತ್ರೋಪಕರಣಗಳನ್ನು ಬಿಟ್ಟರೆ ಬಳಸಿದ ವಸ್ತುಗಳ ಆಮದು ವಿದೇಶಿ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ. ಮರು ಆಮದು ಎಂದು ಸಾಬೀತಾಗದ ಹಳೆಯ ಆಂಪ್ಲಿಫೈಯರ್ ಈ ಬಲೆಗೂ ಬೀಳಬಹುದು. ನಿಮ್ಮ ಫೋನಿಗೆ ಆ ಪ್ರಶ್ನೆ ಇನ್ನೂ ಬಂದಿಲ್ಲವಾದರೆ ಅದೃಷ್ಟ.

ಈಗ ಮಾಡಬೇಕಾದದ್ದು. ಕೊರಿಯರ್ ಕಂಪನಿಯವರ ಮಾತಿಗೆ ಒಪ್ಪಿ ಸುಮ್ಮನೆ ಹಣ ಕಟ್ಟಬೇಡಿ. ಸ್ವಂತ ಬ್ರೋಕರ್ ಒಬ್ಬರನ್ನು ಹಿಡಿಯಿರಿ, ಮರು ಆಮದು ಎಂದು ಲಿಖಿತ ಮನವಿ ಕೊಡಿ. ದುರಸ್ತಿ ಮಾಡಿದವರಿಂದ ಕೆಲಸದ ಚೀಟಿ ತರಿಸಿ, ಪೆಟ್ಟಿಗೆ ಅವರ ಕೈ ಸೇರಿದ ದಿನ ತೆಗೆದ ಚಿತ್ರಗಳಿದ್ದರೆ ಇನ್ನೂ ಒಳ್ಳೆಯದು. ಬೇಗ ಮಾಡಿ. ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ) ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ದಂಡ ಎಂಬ ನಿಯಮವಿದೆ. ಸಕಾರಣ ತೋರಿಸಿದರೆ ಮನ್ನಾ ಮಾಡುವ ಅಧಿಕಾರವೂ ಅವರಿಗಿದೆ, ಕೇಳಬೇಕು ಅಷ್ಟೆ.

ಹುಬ್ಬಳ್ಳಿ ಸ್ಟುಡಿಯೊ | ನವೆಂಬರ್ 9, ಬೆಳಿಗ್ಗೆ 11:20

ನಿವೃತ್ತ ಸರ್, ನನ್ನದೊಂದು ಗಾಯವಿದೆ, ಅದಕ್ಕೂ ಸ್ವಲ್ಪ ಮದ್ದು ಹೇಳಿ. ಸ್ಟುಡಿಯೊದ ಕಂಡೆನ್ಸರ್ ಮೈಕ್ ವಾರಂಟಿಯೊಳಗೇ ಕೆಟ್ಟಿತು. ಜರ್ಮನಿಗೆ ಕಳುಹಿಸಿದೆವು. ಕಾಗದಪತ್ರವೆಲ್ಲ ಸರಿಯಾಗಿಯೇ ಇತ್ತು. ಅವರು ಕ್ಯಾಪ್ಸೂಲ್ (ಮೈಕಿನಲ್ಲಿ ಧ್ವನಿ ಹಿಡಿಯುವ ಭಾಗ) ಬದಲಿಸಿ ಒಂದು ಪೈಸೆ ತೆಗೆದುಕೊಳ್ಳದೆ ಕಳುಹಿಸಿದರು. ಇಲ್ಲಿ ನೋಡಿದರೆ ದುರಸ್ತಿಯ ವೆಚ್ಚಕ್ಕೆ ಸುಂಕ ಹಾಕಿದರು. ವೆಚ್ಚವೇ ಇಲ್ಲವಲ್ಲ ಎಂದರೆ ಅಧಿಕಾರಿ ನಕ್ಕರು. ಪುಕ್ಕಟೆಗೆ ಯಾವ ಸುಂಕ?

ಇನ್ನೊಂದು: ಕಾರ್ನೆಟ್ (ವಸ್ತುವನ್ನು ತಾತ್ಕಾಲಿಕವಾಗಿ ಸುಂಕವಿಲ್ಲದೆ ಒಯ್ದು ತರುವ ಪತ್ರ) ಮಾಡಿಸಿದರೆ ಇದೆಲ್ಲ ತಪ್ಪುತ್ತದೆ ಎಂದು ಧಾರವಾಡದ ಸ್ನೇಹಿತರೊಬ್ಬರು ಹೇಳುತ್ತಾರೆ, ನಿಜವೆ?

ಕಾರ್ಗೋ ನಿವೃತ್ತ | ನವೆಂಬರ್ 9, ಮಧ್ಯಾಹ್ನ 1:05

ಅಧಿಕಾರಿ ನಕ್ಕದ್ದು ಸರಿಯಲ್ಲ, ಹಾಕಿದ ಸುಂಕ ಮಾತ್ರ ಸರಿ. ಆ ಅಧಿಸೂಚನೆಯಲ್ಲಿ "ಆ ವೆಚ್ಚವನ್ನು ನಿಜವಾಗಿ ಭರಿಸಿರಲಿ, ಇಲ್ಲದಿರಲಿ" ಎಂಬ ಅರ್ಥದ ಮಾತಿದೆ. ಅವರು ಕ್ಯಾಪ್ಸೂಲನ್ನು ಉಚಿತವಾಗಿ ಕೊಟ್ಟರೂ ಅದಕ್ಕೊಂದು ಬೆಲೆಯಿದೆ, ಸುಂಕ ಅದರ ಮೇಲೆ. ಆದ್ದರಿಂದ ಇನ್‌ವಾಯ್ಸ್‌ನಲ್ಲಿ ಸೊನ್ನೆ ಬರೆಸಬೇಡಿ. ಸೊನ್ನೆ ಕಂಡರೆ ಅಧಿಕಾರಿ ತನ್ನ ಅಂದಾಜು ಹಾಕುತ್ತಾರೆ, ಆ ಅಂದಾಜು ನಿಮ್ಮ ಪರವಾಗಿ ಇರುವುದಿಲ್ಲ. ಬಿಡಿಭಾಗ ಇಷ್ಟು, ಕೂಲಿ ಇಷ್ಟು, ವಾರಂಟಿಯಿಂದಾಗಿ ವಸೂಲಿ ಇಲ್ಲ ಎಂದು ಬರೆಸಿ.

ಸ್ಟುಡಿಯೊ ನಿಮ್ಮ ವ್ಯಾಪಾರವಾದ್ದರಿಂದ ಐಇಸಿ (ಆಮದು ರಫ್ತುದಾರರ ಗುರುತು) ಸಂಖ್ಯೆ ಬೇಕು, ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ 500 ರೂಪಾಯಿಗೆ ಸಿಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ ಕಟ್ಟಿದ ಐಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು) ಮರಳುತ್ತದೆ, ನಿಮ್ಮ ಲೆಕ್ಕಿಗರನ್ನು ಕೇಳಿ. ಮನೆಬಳಕೆಯವರಿಗೆ ಐಇಸಿ ಬೇಡ, ಆ ಕ್ರೆಡಿಟ್ಟೂ ಇಲ್ಲ.

ಕಾರ್ನೆಟ್ ವಿಷಯದಲ್ಲಿ ನಿಮ್ಮ ಸ್ನೇಹಿತರು ತಪ್ಪು ತಿಳಿದಿದ್ದಾರೆ. ನಮ್ಮಲ್ಲಿ ಎಟಿಎ ಕಾರ್ನೆಟ್ ಕೊಡುವುದು ಫಿಕ್ಕಿ ಎಂಬ ವಾಣಿಜ್ಯ ಒಕ್ಕೂಟ. ಸಂಗೀತ ಕಛೇರಿಗೆ ಹೋಗುವ ಕಲಾವಿದರು ವಾದ್ಯ, ಮೈಕು ಒಯ್ಯಲು, ಪ್ರದರ್ಶನಕ್ಕೆ ಸರಕು ಒಯ್ಯಲು ಅದು ಉತ್ತಮ. ದುರಸ್ತಿಗೆ ಅದು ನಡೆಯದು.

ಮ್ಯೂನಿಕ್ ಮಲೆನಾಡಿಗ | ನವೆಂಬರ್ 9, ರಾತ್ರಿ 11:50

ಇಲ್ಲಿ ಕುಳಿತು ಓದುತ್ತಿದ್ದೇನೆ. ನಮ್ಮ ಪಾಡೂ ಇದೇ, ಭಾಷೆ ಮಾತ್ರ ಬೇರೆ. ನನ್ನ ಬಳಿ ಇಂಗ್ಲೆಂಡಿನಲ್ಲೇ ತಯಾರಾದ ಸ್ಪೀಕರ್ ಜೋಡಿ ಇದೆ. ಹಿಂದೊಮ್ಮೆ ಕೆಟ್ಟಾಗ ಪೆಟ್ಟಿಗೆಗೆ ವಿಳಾಸ ಅಂಟಿಸಿ ಕಳುಹಿಸಿದೆ, ಮೂರು ವಾರಕ್ಕೆ ಬಂತು, ಯಾರೂ ಏನೂ ಕೇಳಲಿಲ್ಲ. 2021ರ ಜನವರಿಯಿಂದ ಬ್ರಿಟನ್ ಐರೋಪ್ಯ ಒಕ್ಕೂಟದ ಸುಂಕ ವ್ಯವಸ್ಥೆಗೆ ಹೊರಗಿನ ದೇಶವಾಯಿತು. ಎರಡನೆಯ ಸಲ ಅದೇ ಕಾರ್ಖಾನೆ, ಅದೇ ಸ್ಪೀಕರ್, ಆದರೆ ಹೊರಡುವ ಮೊದಲೇ ಸುಂಕದ ಕಚೇರಿಗೆ ಹೋಗಿ "ಪಾಸಿವ್ ಫೆರೆಡ್ಲುಂಗ್" ಎಂಬ ಪ್ರಕ್ರಿಯೆಗೆ ಅರ್ಜಿ. ಹಾಗೆಂದರೆ ಹೊರಗೆ ಕಳುಹಿಸಿ ಕೆಲಸ ಮಾಡಿಸಿ ತರುವುದು. ಕಚೇರಿಯ ಹೆಂಗಸು ಸ್ಪೀಕರಿನ ಬೆನ್ನು ತಿರುಗಿಸಿ, ಕನ್ನಡಕ ಹಣೆಗೇರಿಸಿಕೊಂಡು, ಸೀರಿಯಲ್ ನಂಬರಿನ ಒಂದೊಂದು ಅಂಕಿಯನ್ನೂ ಪೆನ್ನಿನ ತುದಿಯಿಂದ ಮುಟ್ಟಿ ಓದಿದಳು. ಆಗ ರೇಗಿತ್ತು. ಮರಳಿ ಬಂದಾಗ ಆ ಕಾಗದ ತೋರಿಸಿದೆ, ದುರಸ್ತಿ ವೆಚ್ಚದ ಮೇಲೆ ಮಾತ್ರ ಶೇ 19 ಮೌಲ್ಯವರ್ಧಿತ ತೆರಿಗೆ ಬಿತ್ತು.

ಹುಬ್ಬಳ್ಳಿಯವರಿಗೆ ಹೊಟ್ಟೆ ಉರಿಸುವ ಒಂದು ಮಾತು: ಐರೋಪ್ಯ ಒಕ್ಕೂಟದ ಸುಂಕ ಸಂಹಿತೆಯ 260ನೇ ವಿಧಿಯಂತೆ ವಾರಂಟಿಯಲ್ಲಿ ಉಚಿತವಾಗಿ ದುರಸ್ತಿಯಾದ ವಸ್ತುವಿಗೆ ಆಮದು ಸುಂಕ ಪೂರ್ತಿ ಮಾಫಿ.

ಹುಬ್ಬಳ್ಳಿ ಸ್ಟುಡಿಯೊ | ನವೆಂಬರ್ 10, ಬೆಳಿಗ್ಗೆ 8:10

ಉರಿಯಿತು. ಧನ್ಯವಾದ.

ವಜ್ರದ ಮುಳ್ಳು | ನವೆಂಬರ್ 10, ಸಂಜೆ 4:30

ನನ್ನದು ಮೂಗಿಗಿಂತ ಮೂಗುತಿ ಭಾರದ ಕಥೆ. ರೆಕಾರ್ಡ್ ಪ್ಲೇಯರಿನ ಕಾರ್ಟ್ರಿಜ್ (ರೆಕಾರ್ಡಿನ ಮೇಲೆ ಓಡುವ ಮುಳ್ಳಿರುವ ಭಾಗ) ಹತ್ತು ಗ್ರಾಂ ತೂಗುವುದಿಲ್ಲ. ಕೆಲಸದ ಹುಡುಗಿ ಧೂಳು ಒರೆಸುವಾಗ ಮುಳ್ಳಿನ ಕಡ್ಡಿ ಮುರಿಯಿತು. ಅವಳು ಅತ್ತಳು, ನಾನೂ ಅತ್ತೆ. ಹೊಸ ವಜ್ರದ ತುದಿ ಕೂರಿಸುವವರು ಇಂಗ್ಲೆಂಡಿನಲ್ಲಿದ್ದಾರೆ. ಹತ್ತು ಗ್ರಾಮಿಗೆ ಶಿಪ್ಪಿಂಗ್ ಬಿಲ್, ಬ್ರೋಕರ್ ಶುಲ್ಕ ಎಲ್ಲ ಕೂಡಿಸಿದರೆ ದುರಸ್ತಿಯ ಅರ್ಧದಷ್ಟಾಗುತ್ತದೆ.

ನಾದಿನಿಯ ಮಗ ಅಲ್ಲಿಗೆ ಹೊರಟಿದ್ದ. ಅವನ ಕೈಯಲ್ಲಿ ಕಳುಹಿಸಿದೆ. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ವಸ್ತು ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಬಹುದು ಎಂದು ಯಾರೋ ಹೇಳಿದ್ದರು. ಪುಟ್ಟ ಪಾರದರ್ಶಕ ಡಬ್ಬಿಯನ್ನು ನೋಡಿ ಅಧಿಕಾರಿ, "ಇದು ಏನಮ್ಮ, ಕಿವಿಯೋಲೆಯೇ?" ಎಂದರು. (ಅಮ್ಮ ಎಂದದ್ದು ನನಗೆ, ನಾನೂ ನಿಲ್ದಾಣಕ್ಕೆ ಹೋಗಿದ್ದೆ, ಗಾಜಿನಾಚೆಯಿಂದ ಹುಡುಗ ಫೋನು ಹಿಡಿದುಕೊಟ್ಟ.) ವಿವರಿಸಿದೆ. ಬರೆದುಕೊಟ್ಟರು. ಎರಡು ತಿಂಗಳ ನಂತರ ಅವನೇ ತಂದ, ತೊಂದರೆಯಾಗಲಿಲ್ಲ.

ಕಾರ್ಗೋ ನಿವೃತ್ತ | ನವೆಂಬರ್ 10, ಸಂಜೆ 6:15

ಮೇಡಂ, ನಿಮ್ಮ ಜಾಣತನಕ್ಕೆ ನಮಸ್ಕಾರ. ಇದನ್ನು ಓದಿ ಹತ್ತು ಜನ ಹೊರಡುವ ಮೊದಲು ಒಂದು ಎಚ್ಚರಿಕೆ. ಆ ಪ್ರಮಾಣಪತ್ರ ಪ್ರಯಾಣಿಕರ ಹೆಸರಿನಲ್ಲಿರುತ್ತದೆ. ಒಯ್ದವರೇ ತರಬೇಕು. ನಾದಿನಿಯ ಮಗ ಒಯ್ದು ಮೈದುನನ ಮಗಳು ತಂದರೆ ಆ ಕಾಗದ ಕೆಲಸಕ್ಕೆ ಬರುವುದಿಲ್ಲ. ದುರಸ್ತಿಯ ರಸೀದಿಯನ್ನೂ ಜೊತೆಯಲ್ಲಿ ತರಿಸಿ, ಕೇಳಿದರೆ ಮುಚ್ಚಿಡದೆ ತೋರಿಸಲಿ. ಸಣ್ಣ ವಸ್ತುವಿಗೆ ಇದು ಸರಿ. 8 ಕೆಜಿಯ ಆಂಪ್ಲಿಫೈಯರನ್ನು ಯಾವ ಸೋದರಳಿಯನೂ ಹೊರುವುದಿಲ್ಲ.

ಜೆರ್ಸಿ ಕನ್ನಡಿಗ | ನವೆಂಬರ್ 11, ಬೆಳಿಗ್ಗೆ 7:25

ಅಮೆರಿಕಕ್ಕೆ ಕಳುಹಿಸುವ ಯೋಚನೆ ಇರುವವರಿಗೆ 2025ರ ಸುದ್ದಿ ಸ್ವಲ್ಪ. 800 ಡಾಲರಿನೊಳಗಿನ ಪೊಟ್ಟಣಕ್ಕೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಅದಕ್ಕೂ ಮೊದಲೇ, ಆಗಸ್ಟ್ 25ರಿಂದ ಭಾರತೀಯ ಅಂಚೆ ಇಲ್ಲಿಗೆ ಪಾರ್ಸೆಲ್ ಸ್ವೀಕರಿಸುವುದನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರುಮಾಡಿತು. ನನ್ನ ಚಿಕ್ಕಪ್ಪ ಮೈಸೂರಿನಿಂದ ಕಳುಹಿಸಿದ್ದ ಹೆಡ್‌ಫೋನ್ ಆಂಪ್ಲಿಫೈಯರ್ ಈ ನಡುವೆ ಸಿಕ್ಕಿಕೊಂಡು ಅಂಚೆಯಲ್ಲೇ ದಸರಾ ಮುಗಿಸಿತು.

ದುರಸ್ತಿಗೆಂದು ಬಂದು ಮರಳುವ ವಸ್ತುವಿಗೆ ಇಲ್ಲಿ ಬಾಂಡ್ (ಸುಂಕದ ಖಾತರಿ ಪತ್ರ) ಮೇಲೆ ತಾತ್ಕಾಲಿಕ ಆಮದು ಎಂಬ ದಾರಿ ಇದೆ, ಸುಂಕ ಕಟ್ಟಬೇಕಿಲ್ಲ, ಒಂದು ವರ್ಷದೊಳಗೆ ಮರಳಿ ಹೋಗಬೇಕು, ಅವಧಿ ವಿಸ್ತರಿಸಬಹುದು. ಕಳುಹಿಸುವ ಮೊದಲೇ ದುರಸ್ತಿಯವರಿಗೆ ಅದು ಗೊತ್ತಿದೆಯೇ ಎಂದು ಕೇಳಿ. ಗೊತ್ತಿಲ್ಲದವರಾದರೆ ಸುಂಕವನ್ನು ನಿಮ್ಮ ಬಿಲ್ಲಿಗೆ ಸೇರಿಸಿಬಿಡುತ್ತಾರೆ, ಆಗ ಅಲ್ಲೊಮ್ಮೆ ಇಲ್ಲೊಮ್ಮೆ ಎರಡು ಸಲ ತೆತ್ತಂತೆ. ಇಲ್ಲಿಂದ ಹೊರಗೆ ದುರಸ್ತಿಗೆ ಕಳುಹಿಸುವ ನಮ್ಮವರು ಹೋಗುವ ಮೊದಲು 4455 ಎಂಬ ಫಾರಂ ತುಂಬಿ ಕಸ್ಟಮ್ಸ್‌ನವರ ಸಹಿ ಹಾಕಿಸಿಕೊಳ್ಳಬೇಕು. ಅಲ್ಲಿಯೂ ಅದೇ ಸೀರಿಯಲ್ ನಂಬರ್.

ಎಸ್‌ಪಿ ರಸ್ತೆ ಸೋಲ್ಡರ್ | ನವೆಂಬರ್ 11, ರಾತ್ರಿ 9:00

ಎಲ್ಲ ಓದಿದೆ. ಮೊನ್ನೆ ಬರೆದದ್ದರಲ್ಲಿ ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಕ್ಯಾಥೋಡ್ ಸುತ್ತಿನ ಕೆಲಸ ನನ್ನಿಂದಲೂ ಆಗದು. ಆದರೆ ಒಂದು ಮಾತು ಉಳಿಸಿಕೊಳ್ಳುತ್ತೇನೆ: ಇಡೀ ಆಂಪ್ಲಿಫೈಯರ್ ಏಕೆ ಹೋಗಬೇಕಿತ್ತು? ಹೊಸ ಟ್ರಾನ್ಸ್‌ಫಾರ್ಮರ್ ಒಂದನ್ನೇ ಅಲ್ಲಿಂದ ತರಿಸಿದ್ದರೆ ಅದು ಬಿಡಿಭಾಗದ ಮಾಮೂಲಿ ಆಮದು, ಒಂದೇ ಕಡೆಯ ಸಾಗಣೆ, ಇಂಥ ವಾದವೇ ಇಲ್ಲ. ಕೂರಿಸಲು ಇಲ್ಲಿ ಒಂದಷ್ಟು ತಂತಿ ಬೆಸೆದರೆ ಸಾಕು.

ಬಸವನಗುಡಿ ವಾಲ್ವ್ | ನವೆಂಬರ್ 11, ರಾತ್ರಿ 9:20

ಇದು ಜೂನ್‌ನಲ್ಲಿ ಹೊಳೆಯಲಿಲ್ಲ. ನಿಜಕ್ಕೂ ಹೊಳೆಯಲಿಲ್ಲ.

ಬಸವನಗುಡಿ ವಾಲ್ವ್ | ಡಿಸೆಂಬರ್ 6, ಸಂಜೆ 5:45

ಎಲ್ಲರೂ ಖಾಸಗಿಯಾಗಿ ಕೇಳುತ್ತಿದ್ದೀರಿ, ಇಲ್ಲಿಯೇ ಬರೆಯುತ್ತೇನೆ. ಪೆಟ್ಟಿಗೆ ಮನೆಗೆ ಬಂದಿದೆ.

ಬ್ರೋಕರ್ ಹಿಡಿದೆ. ಕಾರ್ಯಾಗಾರದವರು ಪುಣ್ಯವಂತರು, ಪೆಟ್ಟಿಗೆ ತೆರೆದ ದಿನವೇ ತೆಗೆದ ಹನ್ನೊಂದು ಚಿತ್ರ ಕಳುಹಿಸಿದರು. ಎರಡರ ಸೀರಿಯಲ್ ನಂಬರೂ ಅದರಲ್ಲಿತ್ತು, ಒಂದರ ತಳದಲ್ಲಿ ತಂದೆಯವರು ಬಳಪದಲ್ಲಿ ಬರೆದ "ಎಡ" ಎಂಬ ಅಕ್ಷರವೂ ಇತ್ತು. ಅಧಿಕಾರಿ ಪೆಟ್ಟಿಗೆ ತೆರೆಸಿ, ಚಿತ್ರದ ಜೊತೆ ಹೋಲಿಸಿ, ವಸ್ತು ಅದೇ ಎಂದು ಒಪ್ಪಿದರು. ಆದರೆ ಉಡುಗೊರೆ ಎಂದು ಹೋದದ್ದನ್ನು ದುರಸ್ತಿಗೆ ಹೋಯಿತೆಂದು ನಾನು ಹೇಗೆ ಬರೆಯಲಿ, ಅದಕ್ಕೆ ನನಗೆ ಕಾಗದ ಬೇಕು ಎಂದರು. ಸಿಟ್ಟು ಬರಲಿಲ್ಲ, ಅವರು ಹೇಳಿದ್ದು ನಿಜ. ಕೊನೆಗೆ ವಿಮೆಯ ಮೊತ್ತವನ್ನು ಬಿಟ್ಟು, ನಾನು ಕಳುಹಿಸುವಾಗ ಬರೆದಿದ್ದ ಕಡಿಮೆ ಮೌಲ್ಯವನ್ನು ಒಪ್ಪಿದರು. 61 ಸಾವಿರ ಚಿಲ್ಲರೆ ಆಯಿತು. ಪ್ರತಿಭಟನೆಯೊಂದಿಗೆ ಪಾವತಿ ಎಂದು ಪತ್ರ ಕೊಟ್ಟು ಕಟ್ಟಿದೆ. ಬಾಡಿಗೆ, ಬ್ರೋಕರ್ ಶುಲ್ಕ ಬೇರೆ.

ಮರುಪಾವತಿಗೆ ನೇರವಾಗಿ ಅರ್ಜಿ ಹಾಕೋಣವೆಂದಿದ್ದೆ. ಬ್ರೋಕರ್ ತಡೆದರು. 2019ರ ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಮೊದಲು ಸುಂಕ ನಿರ್ಧಾರವನ್ನೇ ಬದಲಾಯಿಸಿಕೊಳ್ಳಬೇಕು, ಮರುಪಾವತಿ ಆಮೇಲೆ. ಆದ್ದರಿಂದ ಮೇಲ್ಮನವಿ, 60 ದಿನದೊಳಗೆ. ಅರ್ಜಿ ಸಿದ್ಧವಾಗುತ್ತಿದೆ. ನಿವೃತ್ತ ಸರ್ ಕರಡು ಓದಿ ಎರಡು ಪ್ಯಾರಾ ಹೊಡೆದುಹಾಕಿದ್ದಾರೆ, ಎರಡೂ ನನಗೆ ಬಹಳ ಇಷ್ಟವಾಗಿದ್ದ ಪ್ಯಾರಾಗಳು.

ಇನ್ನು ಪೆಟ್ಟಿಗೆಯ ಕಥೆ. ಕಾರ್ಯಾಗಾರದವರು ವಾಲ್ವ್‌ಗಳನ್ನು ಬಿಚ್ಚಿ, ಒಂದೊಂದನ್ನೂ ಸುತ್ತಿ, ಬೇರೆ ರಟ್ಟಿನ ಗೂಡಿನಲ್ಲಿ ಇಟ್ಟಿದ್ದರು. ತಪಾಸಣೆಗೆ ತೆರೆದವರು ಮುಚ್ಚುವಾಗ ಆ ಗೂಡನ್ನು ಕೆಳಗೆ ಹಾಕಿ ಮೇಲೆ ಆಂಪ್ಲಿಫೈಯರ್ ಇಟ್ಟಿದ್ದಾರೆ. ಬಿಳಿ ಟೇಪಿನ ಮೇಲೆ ಕಂದು ಟೇಪು ಕಂಡಾಗಲೇ ಎದೆ ಧಸಕ್ಕೆಂದಿತ್ತು. ನಾಲ್ಕು ಕೆಟಿ66 ವಾಲ್ವ್‌ಗಳಲ್ಲಿ ಒಂದು, ಎಡಬದಿಯದು, ಪುಡಿ. ಇನ್ನು ಮುಂದೆ ಯಾರೇ ಕಳುಹಿಸಿ, ಯಾವುದು ಎಲ್ಲಿ ಕೂರಬೇಕು ಎಂಬ ದೊಡ್ಡ ಚಿತ್ರವೊಂದನ್ನು ಮುಚ್ಚಳದ ಒಳಗೆ ಅಂಟಿಸಿ. ತೆರೆಯುವವರಿಗೆ ವಾಲ್ವ್ ಎಂದರೇನೆಂದು ಗೊತ್ತಿರಬೇಕಾಗಿಲ್ಲ.

ಹಾಗಾಗಿ ಈಗ ಬಲಬದಿ ಮಾತ್ರ ಹಾಡುತ್ತಿದೆ. ಯಾರ ಬಳಿಯಾದರೂ ಒಂದು ಒಳ್ಳೆಯ ಕೆಟಿ66 ಇದೆಯೇ?

ವಜ್ರದ ಮುಳ್ಳು | ಡಿಸೆಂಬರ್ 6, ಸಂಜೆ 6:30

ನಮ್ಮ ಯಜಮಾನರ ಡಬ್ಬಿಯಲ್ಲಿ ಎರಡು ಇವೆ, ಒಂದನ್ನು ಪರೀಕ್ಷಿಸಿ ಇಟ್ಟಿದ್ದಾರೆ. ಶಿವಮೊಗ್ಗದಿಂದ ಕೊರಿಯರ್ ಮಾಡಲೇ?

ಬಸವನಗುಡಿ ವಾಲ್ವ್ | ಡಿಸೆಂಬರ್ 6, ಸಂಜೆ 6:31

ಬೇಡ ಮೇಡಂ. ಭಾನುವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ.